ಪಾನಾ ಮುಟ್ಟದೆ ಎಣ್ಣೆ ಬದಲಿಸಿದ ದಿನ

ಓದುವ ಎಲ್ಲರಿಗೂ ನಮಸ್ಕಾರ. ನಾನು ಅಕ್ಷರ ಕಲಿತಿದ್ದು ಮೀಸೆ ಬಂದು ಎಷ್ಟೋ ವರ್ಷವಾದ ಮೇಲೆ. ಟೈಪು ಮಾಡುವುದನ್ನು ಕಲಿತಿದ್ದು ಮೊಮ್ಮಕ್ಕಳು ಬಂದ ಮೇಲೆ. ಒಂದೇ ಬೆರಳಿನಲ್ಲಿ ಒತ್ತುತ್ತೇನೆ, ಎರಡು ಸಾಲು ಮುಗಿಯುವಷ್ಟರಲ್ಲಿ ಪಕ್ಕದಲ್ಲಿಟ್ಟ ಚಹಾ ಆರಿಹೋಗುತ್ತದೆ. ಒತ್ತಕ್ಷರ ತಪ್ಪಿದ್ದರೆ, ಲ ಇರಬೇಕಾದಲ್ಲಿ ಳ ಬಂದಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಬರೆಯಲು ಹೊರಟಿರುವುದು ದೊಡ್ಡ ವಿಷಯವೇನಲ್ಲ. ಒಂದು ಕಾರಿನ ಇಂಜಿನ್ ಆಯಿಲ್ ಬದಲಿಸಿದ್ದು, ಅಷ್ಟೇ. ಆದರೆ ಅದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಇಷ್ಟು ವರ್ಷ ಮನೆಯಲ್ಲೂ ಹೇಳಿರಲಿಲ್ಲ.

ಎಂಬತ್ತರ ದಶಕದ ಶುರುವಿನ ಮಾತು. ಕೂಡ್ಲಿಗಿಯಲ್ಲಿ ಲಾರಿಗಳು ನಿಲ್ಲುವ ದೊಡ್ಡ ರಸ್ತೆಯ ಪಕ್ಕ ಒಂದು ತಗಡಿನ ಶೆಡ್ಡು, ಅದೇ ನಮ್ಮ ಗ್ಯಾರೇಜು. ಅದರ ಯಜಮಾನರು ಹೊಸಹಳ್ಳಿ ಕಡೆಯವರು. ಊರೆಲ್ಲ ಅವರನ್ನು ಉಸ್ತಾದ್ ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ನನಗಾಗ ಇಪ್ಪತ್ತೈದು ವಯಸ್ಸು, ಲಗ್ನವಾಗಿತ್ತು. ಉಸ್ತಾದರ ಕೈಕೆಳಗೆ ಮೂರು ವರ್ಷ ಕಳೆದಿದ್ದೆ. ಸಂಜೆಯಾದರೆ ಸೀಮೆಎಣ್ಣೆಯಲ್ಲಿ ಕೈ ತೊಳೆದುಕೊಂಡು ವಯಸ್ಕರ ಶಾಲೆಗೆ ಹೋಗುತ್ತಿದ್ದೆ. ಅದು ನನ್ನ ಎರಡನೇ ವರ್ಷ. ಕನ್ನಡವನ್ನು ತಡವರಿಸಿ ಓದುವಷ್ಟಾಗಿತ್ತು, ಇಂಗ್ಲಿಷ್ ಅಂಕಿ ಮತ್ತು ಒಂದಷ್ಟು ಸಣ್ಣ ಪದ ಗೊತ್ತಾಗಿದ್ದವು. ರಸ್ತೆಯಲ್ಲಿ ಬಸ್ಸು ಬಂದರೆ ಬೋರ್ಡನ್ನು ಜೋರಾಗಿ ಓದುತ್ತಿದ್ದೆ, ಕೊಟ್ಟೂರು, ಹರಪನಹಳ್ಳಿ, ಹಡಗಲಿ ಅಂತ. ಯಾರಾದರೂ ಕೇಳುವವರಿದ್ದರೆ ಇನ್ನೂ ಜೋರಾಗಿ. ಆ ವಯಸ್ಸಿನಲ್ಲಿ ಅಕ್ಷರ ಸಿಕ್ಕವನಿಗೆ ಹೊಸ ಚಪ್ಪಲಿ ಸಿಕ್ಕ ಹಾಗೆ, ನಡೆಯುವಾಗೆಲ್ಲ ಕೆಳಗೇ ನೋಡಿಕೊಳ್ಳುತ್ತಿರುತ್ತಾನೆ. ಉಸ್ತಾದರಿಗೆ ಓದು ಬರುತ್ತಿರಲಿಲ್ಲ. ನಮ್ಮಲ್ಲಿಗೆ ಬರುವ ಡ್ರೈವರುಗಳಲ್ಲೂ ಬಹಳ ಜನಕ್ಕೆ ಬರುತ್ತಿರಲಿಲ್ಲ.

ಅಂಥ ಡ್ರೈವರುಗಳಲ್ಲಿ ಒಬ್ಬರನ್ನು ನಾನು ಮಾವ ಅಂತಿದ್ದೆ, ಅವರು ನನ್ನನ್ನು ಅಳಿಯ ಅಂತಿದ್ದರು. ಸಂಬಂಧ ಏನೂ ಇಲ್ಲ, ನಮ್ಮ ಕಡೆ ಸಲಿಗೆಗೆ ಹಾಗೆ ಕರೆಯುತ್ತಾರೆ. ನನ್ನ ಅಪ್ಪನ ವಯಸ್ಸಿನವರು. ಶೇಂಗಾ ವ್ಯಾಪಾರದ ಸಾಹುಕಾರರ ಮನೆಯಲ್ಲಿ ಹದಿನೆಂಟು ವರ್ಷದಿಂದ ಗಾಡಿ ಓಡಿಸುತ್ತಿದ್ದರು. ಮೊದಲು ಜೀಪು, ಆಮೇಲೆ ಅಂಬಾಸಿಡರ್ ಕಾರು. ಸಾಹುಕಾರರ ಮಗಳು ಸಣ್ಣವಳಿದ್ದಾಗ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರು ಸುತ್ತಿಸಿದವರು ಅವರೇ. ಆ ವರ್ಷ ಆ ಹುಡುಗಿಗೆ ಹರಪನಹಳ್ಳಿಯಲ್ಲಿ ಗಂಡು ಗೊತ್ತಾಗಿತ್ತು. ವಿಜಯದಶಮಿಯ ದಿನ ಬೆಳಿಗ್ಗೆ ಗಂಡಿನ ಮನೆಯಲ್ಲೇ ನಿಶ್ಚಯ ಎಂದು ಮಾತಾಗಿತ್ತು.

ಹಿಂದಿನ ದಿನ ಆಯುಧ ಪೂಜೆ. ಉಸ್ತಾದರು ಬೆಳಿಗ್ಗೆಯೇ ಎಲ್ಲ ಪಾನಾ, ಅಂದರೆ ನಟ್ಟು ಬಿಚ್ಚುವ ಸ್ಪ್ಯಾನರು, ಸುತ್ತಿಗೆ, ಜಾಕು, ತಿರುಪುಳಿಗಳನ್ನು ತೊಳೆಸಿ ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿದರು. ವಿಭೂತಿ, ಕುಂಕುಮ, ಚೆಂಡುಹೂವು, ಕುಂಬಳಕಾಯಿ ಎಲ್ಲ ಆಯಿತು. ಪೂಜೆಗೆ ಕೂಡಿಸಿದ ಸಾಮಾನನ್ನು ಮರುದಿನ ಪೂಜೆ ಇಳಿಸುವವರೆಗೆ ಯಾರೂ ಎತ್ತುವಂತಿಲ್ಲ. ಎಷ್ಟೇ ದೊಡ್ಡ ಗಿರಾಕಿ ಬಂದರೂ ಇಲ್ಲ. ಅದು ನಮ್ಮ ಗ್ಯಾರೇಜಿನ ಕಾಯಿದೆ ಅಂತಲ್ಲ, ಊರಿನ ಎಲ್ಲ ಕಸುಬಿನವರದ್ದೂ ಅದೇ. ಪೂಜೆ ಮುಗಿಸಿ, ನನಗೆ ಶೆಡ್ಡು ನೋಡಿಕೊಂಡಿರು ಅಂತ ಹೇಳಿ ಉಸ್ತಾದರು ಹೊಸಹಳ್ಳಿಗೆ ಬಸ್ಸು ಹತ್ತಿದರು.

ಮಧ್ಯಾಹ್ನ ಮಾವ ಕಾರು ತಂದರು. ಆಯಿಲ್ ಬದಲಿಸಬೇಕು ಅಂತ ಸಾಹುಕಾರರು ಎರಡು ವಾರದಿಂದ ಹೇಳುತ್ತಿದ್ದರಂತೆ, ಆದರೆ ನಿಶ್ಚಯದ ಓಡಾಟದಲ್ಲಿ ಗಾಡಿಗೆ ಬಿಡುವೇ ಸಿಕ್ಕಿರಲಿಲ್ಲ. ಎಣ್ಣೆ ಟಾರಿನ ಹಾಗೆ ಕಪ್ಪಾಗಿತ್ತು. ನಾಳೆ ಶುಭಕಾರ್ಯಕ್ಕೆ ಹೊರಡುವ ಗಾಡಿ, ಇವತ್ತು ಹೊಸ ಎಣ್ಣೆ ಹಾಕಿಸಿಕೊಂಡು ಪೂಜೆ ಮಾಡಿಸಿಕೊಂಡೇ ಬಾ ಅಂತ ಹೇಳಿ ಕಳಿಸಿದ್ದರು. ಎಣ್ಣೆಯ ಡಬ್ಬಿಗಳು ಡಿಕ್ಕಿಯಲ್ಲೇ ಇದ್ದವು. ಮಾವ ಗೋಣಿಚೀಲದ ಮೇಲಿದ್ದ ಪಾನಾಗಳನ್ನು ನೋಡಿ ಕೈ ಮುಗಿದು, ತಮ್ಮ ತಲೆಗೆ ತಾವೇ ಹೊಡೆದುಕೊಂಡರು. ಕೆಳಗಿನ ನಟ್ಟು ಬಿಚ್ಚದೆ ಎಣ್ಣೆ ಇಳಿಸುವುದು ಹೇಗೆ? ವಾಪಸು ಹೋಗಿ ಆಗಲಿಲ್ಲ ಅಂತ ಹೇಳಿಬಿಡುತ್ತೇನೆ ಅಂದರು.

ಅವರು ಹಾಗೇ ಹೋಗಿಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಹಳೆ ಎಣ್ಣೆಯಲ್ಲೇ ಹರಪನಹಳ್ಳಿಗೆ ಹೋಗಿ ಬಂದಿರುತ್ತಿತ್ತು ಕಾರು. ನಾನೇ ತಡೆದೆ.

"ಪಾನಾ ಮುಟ್ಟದನ ಎಣ್ಣಿ ತಗೀತೀನಿ ಮಾವಾ, ಕುಂದುರು" ಅಂದೆ.

ಆ ಧೈರ್ಯ ನನಗೆ ಎಲ್ಲಿಂದ ಬಂತೆಂದರೆ, ಗ್ಯಾರೇಜಿಗೆ ಸೇರುವ ಮುಂಚೆ ಹಗರಿಬೊಮ್ಮನಹಳ್ಳಿ ಕಡೆ ತುಂಗಭದ್ರೆಯ ಹಿನ್ನೀರಿನಲ್ಲಿ ಮೀನು ಸಾಗಿಸುವ ಒಂದು ಲಾಂಚಿನ ಮೇಲೆ ಕೆಲವು ತಿಂಗಳು ಕೂಲಿ ಮಾಡಿದ್ದೆ. ದೋಣಿಯ ಇಂಜಿನ್ನಿನ ತಳ ದೋಣಿಯ ತಳಕ್ಕೇ ಅಂಟಿಕೊಂಡಿರುತ್ತದೆ. ಕೆಳಗೆ ನಟ್ಟು ಬಿಚ್ಚಲು ಜಾಗವೇ ಇಲ್ಲ. ಅಲ್ಲಿನ ಮಿಸ್ತ್ರಿ ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು, ನಾವು ಗೇಜು ಅನ್ನುತ್ತೇವಲ್ಲ ಅದನ್ನು, ಹೊರಗೆ ತೆಗೆದು ಅದರ ತೂತಿನಲ್ಲಿ ಸಣ್ಣ ನಳಿಗೆ ಬಿಟ್ಟು ಹಿತ್ತಾಳೆಯ ಕೈಪಂಪಿನಿಂದ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತಿದ್ದ. ಅದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದ್ದೆ. ಕೂಡ್ಲಿಗಿಯಲ್ಲಿ ಅಂಥದ್ದನ್ನು ಕಂಡವರು ಯಾರೂ ಇರಲಿಲ್ಲ. ಅದರ ಮೇಲೆ ಅವತ್ತು ಹಬ್ಬಕ್ಕೆ ಹೊಸ ಬಿಳಿ ಅಂಗಿ ತೊಟ್ಟಿದ್ದೆ. ಗಾಡಿಯ ಕೆಳಗೆ ಮಲಗದೆ, ಅಂಗಿಗೆ ಕಲೆಯಾಗದೆ ಎಣ್ಣೆ ತೆಗೆದೆ ಅಂತ ಉಸ್ತಾದರ ಮುಂದೆ ಹೇಳಿಕೊಳ್ಳುವ ಆಸೆ.

ಹಿತ್ತಾಳೆ ಪಂಪು ಎಲ್ಲಿಂದ ತರುವುದು? ಸೈಕಲ್ ಪಂಪಿನ ಒಳಗಿನ ಚರ್ಮದ ವಾಷರನ್ನು ಬಿಚ್ಚಿ ತಿರುವಿ ಹಾಕಿದರೆ ಅದು ಗಾಳಿ ಊದುವ ಬದಲು ಗಾಳಿ ಎಳೆಯುತ್ತದೆ. ಸೈಕಲ್ ಅಂಗಡಿಗೆ ಹೋದರೆ ಅಲ್ಲಿ ಪಂಪೂ ಪೂಜೆಗೆ ಕೂತಿತ್ತು, ಹಿಡಿಕೆಗೆ ಹೂವು ಸುತ್ತಿದ್ದರು. ನಮ್ಮ ವಯಸ್ಕರ ಶಾಲೆಯ ಮೇಷ್ಟ್ರು ಪುಸ್ತಕಗಳನ್ನು ಪೂಜೆಗಿಟ್ಟಿದ್ದರು, ಪಂಪು ಬಾಗಿಲ ಹಿಂದೆ ನಿಂತಿತ್ತು. ಅದನ್ನು ಕೇಳಿ ತಂದೆ. ನಳಿಗೆಗೆ ಆಸ್ಪತ್ರೆಯ ಕಾಂಪೌಂಡರ ಹತ್ತಿರ ಹೋದೆ. ಗ್ಲೂಕೋಸ್ ಏರಿಸಿ ಬಿಸಾಕುವ ಪ್ಲಾಸ್ಟಿಕ್ ನಳಿಗೆ ಕೊಟ್ಟರು. ಮೊದಲು ಒಂದು ತಗಡಿನ ಡಬ್ಬಿಗೆ ಎರಡು ತೂತು ಮಾಡಿ ಕಟ್ಟಿದೆ. ನಾಲ್ಕು ಸಲ ಪಂಪು ಎಳೆಯುವಷ್ಟರಲ್ಲಿ ಡಬ್ಬಿ ತನ್ನಷ್ಟಕ್ಕೆ ತಾನೇ ನೆಗ್ಗಿ ಮುದ್ದೆಯಾಯಿತು. ಮಾವ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಆಮೇಲೆ ಪಕ್ಕದ ಅಂಗಡಿಯಿಂದ ಪೆಪ್ಪರ್‌ಮೆಂಟು ಇಡುವ ದಪ್ಪ ಗಾಜಿನ ಭರಣಿ ತಂದು, ಬಾಯಿಗೆ ಲಾರಿ ಟ್ಯೂಬಿನ ರಬ್ಬರು ಬಿಗಿದು, ಅದರಲ್ಲಿ ಎರಡು ನಳಿಗೆ ತೂರಿಸಿದೆ. ಒಂದು ಪಂಪಿಗೆ, ಒಂದು ಗೇಜಿನ ತೂತಿನೊಳಕ್ಕೆ.

ಪಂಪನ್ನು ಮೇಲಕ್ಕೆಳೆದಾಗ ಭರಣಿಯ ಗಾಳಿ ಹೊರಗೆ ಬರುತ್ತಿತ್ತು. ಕೆಳಗೊತ್ತಿದಾಗ ಅದೇ ಗಾಳಿ ವಾಪಸು ಒಳಗೆ ಹೋಗುತ್ತಿತ್ತು. ಅದಕ್ಕೆ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ನಾನು ಕೆಳಗೊತ್ತುವಾಗ ಅವರು ಪಂಪಿನ ನಳಿಗೆಯನ್ನು ಬೆರಳಲ್ಲಿ ಹಿಚುಕಿ ಹಿಡಿಯಬೇಕು, ಎಳೆಯುವಾಗ ಬಿಡಬೇಕು. ಸ್ವಲ್ಪ ಹೊತ್ತಿನಲ್ಲಿ ಕಪ್ಪು ಎಣ್ಣೆ ನಳಿಗೆಯಲ್ಲಿ ಏರಿ ಭರಣಿಯೊಳಗೆ ದಾರದ ಹಾಗೆ ಬಿತ್ತು. ಮಾವ ದಂಗಾದರು. ರಸ್ತೆಯಲ್ಲಿ ಹೋಗುವವರೂ ನಿಂತರು.

"ಹಾವಿನ ವಿಷ ತಗದಂಗ ತಗಿತೀಯಲ್ಲೋ ಅಳಿಯಾ" ಅಂದರು ಮಾವ.

"ಹಿಡಿ ಮಾವಾ, ಮಾತಾಡಬ್ಯಾಡ. ಬಿಡು. ಹಿಡಿ."

"ಹದಿನೆಂಟು ವರ್ಷ ಸ್ಟೇರಿಂಗ್ ಹಿಡದೀನಿ, ಈಗ ಈ ಪೈಪ್ ಹಿಡಿಯಾಕ ನಿನ್ನ ಕಡೆ ಕಲೀಬೇಕಾತು ನೋಡು."

ಹೀಗೆ ಎರಡು ತಾಸು ಕೂತಿದ್ದೆವು. ಭರಣಿ ತುಂಬಿದಾಗ ಬಕೀಟಿಗೆ ಸುರಿದು ಮತ್ತೆ ಕಟ್ಟುವುದು. ಕೊನೆಗೆ ನಳಿಗೆಯಲ್ಲಿ ಎಣ್ಣೆ ನಿಂತು ಗೊರಗೊರ ಗಾಳಿ ಬಂತು. ಮುಗಿಯಿತು ಅಂದೆ. ಮಾವ ಬಕೀಟಿನೊಳಗೆ ಇಣುಕಿದರು. ಬೆರಳು ಅದ್ದಿ ಆಳ ನೋಡಿದರು. ಇಷ್ಟೇ ಏನು, ಪ್ರತಿ ಸಲ ಇನ್ನೂ ಮೇಲೆ ಬರುತ್ತಿತ್ತಲ್ಲ ಅಂದರು. ಗಾಡಿ ಎಣ್ಣೆ ಸುಟ್ಟಿರುತ್ತದೆ ಅಂತ ನಾನು ಉಡಾಫೆ ಮಾಡಿದೆ.

ನಿಜ ಏನಾಗಿತ್ತು ಅಂತ ಆಮೇಲೆ ತಿಳಿಯಿತು. ಆ ಆಸ್ಪತ್ರೆಯ ನಳಿಗೆ ಬಿಸಿ ಎಣ್ಣೆಯಲ್ಲಿ ಮೆತ್ತಗಾಗಿ ತುದಿ ಮೇಲಕ್ಕೆ ಸುರುಳಿ ಸುತ್ತಿಕೊಂಡಿತ್ತು. ತಳ ಮುಟ್ಟಿರಲೇ ಇಲ್ಲ. ಗಾಳಿ ಬಂದದ್ದು ಎಣ್ಣೆ ಮುಗಿದದ್ದಕ್ಕಲ್ಲ, ನಳಿಗೆ ಎಣ್ಣೆಗಿಂತ ಮೇಲೆ ನಿಂತದ್ದಕ್ಕೆ. ಲಾಂಚಿನ ಮಿಸ್ತ್ರಿ ಹೊರಗೆ ಬಂದ ಎಣ್ಣೆಯನ್ನು ಅಳೆದು, ಕಡಿಮೆ ಬಂದಿದ್ದರೆ ನಳಿಗೆ ತಿರುಗಿಸಿ ಮತ್ತೆ ಎಳೆಯುತ್ತಿದ್ದ. ನಾನು ನೋಡುವಾಗ ಪಂಪನ್ನು ಮಾತ್ರ ನೋಡಿದ್ದೆ, ಅಳೆಯುವುದನ್ನು ಕಂಡರೂ ಗಮನ ಕೊಟ್ಟಿರಲಿಲ್ಲ.

ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಗಾಡಿಯ ಇಂಗ್ಲಿಷ್ ಪುಸ್ತಕವಿತ್ತು. ಅದನ್ನು ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಹಾಳೆ ತಿರುವಿದೆ. ಆಯಿಲ್ ಅನ್ನುವ ಪದ ಸಿಕ್ಕಿತು, ಪಕ್ಕದಲ್ಲಿ ಎಷ್ಟು ಲೀಟರು ಅನ್ನುವ ಅಂಕಿ ಸಿಕ್ಕಿತು. ಬೆರಳಿಟ್ಟು ಓದಿದೆ. ಅಷ್ಟನ್ನೂ ನೀನೇ ಹಾಕು ಮಾವ ಅಂದೆ, ಯಾಕೆಂದರೆ ನನ್ನ ಅಂಗಿ ಬಿಳಿ. ಮಾವ ಡಬ್ಬಿ ಬಗ್ಗಿಸಿ ಹಾಕತೊಡಗಿದರು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹಾಕಿ ನಿಲ್ಲಿಸಿದರು.

"ಒಂದು ಸಲ ಗೇಜ್ ನೋಡೂಣು ಅಳಿಯಾ" ಅಂದರು, ಕಡ್ಡಿಗೆ ಕೈ ಹಾಕಿದರು.

ನಾನು ಪುಸ್ತಕವನ್ನು ಅವರ ಮುಖದ ಹತ್ತಿರ ಹಿಡಿದೆ. ಸುತ್ತ ಮೂರ್ನಾಲ್ಕು ಜನ ನಿಂತಿದ್ದರು.

"ಇದರಾಗ ಬರದೈತಿ. ನಿನಗ ಓದಾಕ ಬರ್ತತೇನು? ಹಾಕು ಸುಮ್ನ."

ನಿಂತವರಲ್ಲಿ ಯಾರೋ ನಕ್ಕರು. ಮಾವ ಕೈ ಹಿಂದಕ್ಕೆ ತೆಗೆದುಕೊಂಡರು. ಉಳಿದದ್ದನ್ನೂ ಹಾಕಿದರು, ಒಂದು ಹನಿ ಚೆಲ್ಲದ ಹಾಗೆ. ನಾನೇ ಬಾನೆಟ್ ಮುಚ್ಚಿದೆ. ಅದರ ಮೇಲೆ ಅವರು ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಮುಂದೆ ಬಿಟ್ಟರು. ಹೋಗುವಾಗ ನನ್ನ ಕಡೆ ತಿರುಗಲಿಲ್ಲ. ಅದನ್ನು ನಾನು ಆಗ ಗಮನಿಸಿದೆನೋ, ಆಮೇಲೆ ನೆನಪಿನಲ್ಲಿ ಸೇರಿಸಿಕೊಂಡೆನೋ, ಈಗ ಖಾತ್ರಿಯಾಗಿ ಹೇಳಲಾರೆ.

ಮರುದಿನ ನಡೆದದ್ದನ್ನು ಆಮೇಲೆ ಕೇಳಿ ತಿಳಿದದ್ದು. ಸಾಹುಕಾರರು, ಅವರ ಹೆಂಡತಿ, ಮಗಳು, ಒಬ್ಬ ಅಜ್ಜಿ, ತಟ್ಟೆ ಹಣ್ಣು ಸೀರೆಗಳ ಜೊತೆ ಹೊರಟರು. ಕೊಟ್ಟೂರಿನವರೆಗೆ ಏನೂ ಗೊತ್ತಾಗಲಿಲ್ಲ. ಇಂಜಿನ್ನಿನಲ್ಲಿ ಎಣ್ಣೆ ಹೆಚ್ಚಾದರೆ ಅದು ತಿರುಗುವ ರಭಸಕ್ಕೆ ನೊರೆಯಾಗಿ ಹಿಂಬದಿಯಿಂದ ಸೋರುತ್ತದೆ, ಸೋರಿದ್ದು ಕ್ಲಚ್ ಪ್ಲೇಟಿಗೆ ಹತ್ತುತ್ತದೆ. ಎಣ್ಣೆ ಹತ್ತಿದ ಪ್ಲೇಟು ಜಾರುತ್ತದೆ. ಕೊಟ್ಟೂರು ದಾಟಿ ಒಂದು ಏರಿನಲ್ಲಿ ಇಂಜಿನ್ನು ಕೂಗತೊಡಗಿತು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಸುಟ್ಟ ವಾಸನೆ, ಹೊಗೆ. ಮಾವ ಎಲ್ಲರನ್ನೂ ಇಳಿಸಿ ಖಾಲಿ ಗಾಡಿ ಏರಿಸಲು ನೋಡಿದರು, ಆಗಲಿಲ್ಲ. ಹಬ್ಬದ ದಿನ, ಬಸ್ಸುಗಳು ಕಡಿಮೆ. ಕೊನೆಗೆ ಬಂದ ಒಂದು ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮದುವಣಗಿತ್ತಿಯಾಗಬೇಕಾದ ಹುಡುಗಿ ರೇಷ್ಮೆ ಸೀರೆಯಲ್ಲಿ ಕಂಬಿ ಹಿಡಿದು ನಿಂತುಕೊಂಡೇ ಹರಪನಹಳ್ಳಿ ಸೇರಿದಳು. ಮುಹೂರ್ತ ಮೀರಿತ್ತು. ಗಂಡಿನ ಸೋದರಮಾವ ಒಬ್ಬ, ಕಾರು ಇಲ್ಲ ಅಂತ ಮೊದಲೇ ಹೇಳಿದ್ದರೆ ನಾವೇ ಎತ್ತಿನ ಗಾಡಿ ಕಟ್ಟಿ ಕಳಿಸುತ್ತಿದ್ದೆವಲ್ಲ ಅಂತ ನಾಲ್ಕು ಜನರ ಮುಂದೆ ಅಂದನಂತೆ. ನಿಶ್ಚಯವೇನೋ ತಡವಾಗಿ ಆಯಿತು. ಆ ಮಾತು ಮಾತ್ರ ಸಾಹುಕಾರರ ಎದೆಯಲ್ಲಿ ಕೂತುಬಿಟ್ಟಿತು.

ಮಾವ ಒಬ್ಬರೇ ಗಾಡಿಯ ಹತ್ತಿರ ಉಳಿದರು. ಯಾರದ್ದೋ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಇಳಿಹೊತ್ತಿಗೆ ಕಾರನ್ನು ನಮ್ಮ ಶೆಡ್ಡಿಗೆ ಎಳೆಸಿಕೊಂಡು ಬಂದರು. ಉಸ್ತಾದರು ಆಗ ತಾನೇ ಊರಿಂದ ಬಂದು ಪೂಜೆ ಇಳಿಸಿದ್ದರು. ಸ್ವಲ್ಪ ಹೊತ್ತಿಗೆ ಸಾಹುಕಾರರೂ ಬಸ್ಸು ಇಳಿದು ಸೀದಾ ಅಲ್ಲಿಗೇ ಬಂದರು. ಪಂಚೆಯ ಅಂಚು ಧೂಳಾಗಿತ್ತು. ಅವರು ಯಾರನ್ನೂ ಏನನ್ನೂ ಕೇಳಲಿಲ್ಲ. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡು ಓಡಿಸಿದ್ದಾನೆ, ವಯಸ್ಸಾಯಿತು ಇವನಿಗೆ ಅಂತ ಉಸ್ತಾದರ ಹತ್ತಿರ ಹೇಳುತ್ತಲೇ ಇದ್ದರು. ಮಾವ ಪಕ್ಕದಲ್ಲೇ ನಿಂತಿದ್ದರು.

ಉಸ್ತಾದರು ಬಾನೆಟ್ ಎತ್ತಿದರು. ಮೂಸಿ ನೋಡಿದರು. ಗೇಜು ಎಳೆದರು, ಒರೆಸಿ ಮತ್ತೆ ಹಾಕಿ ಮತ್ತೆ ಎಳೆದರು. ಎಣ್ಣೆ ಮೇಲಿನ ಗೀಟಿಗಿಂತ ಎರಡು ಬೆರಳು ಮೇಲಿತ್ತು. ಅಷ್ಟೊಂದು ಸೋರಿ ಹೋದ ಮೇಲೂ ಇಷ್ಟಿತ್ತು.

"ಎಣ್ಣಿ ಯಾರು ಹಾಕಿದ್ದು?" ಅಂತ ಕೇಳಿದರು. ಕೇಳುವಾಗ ನನ್ನನ್ನೇ ನೋಡುತ್ತಿದ್ದರು.

ನಾನು ಹಾಕಿಸಿದೆ, ಅಳೆಯಲಿಲ್ಲ, ಗೇಜು ನೋಡಲು ಬಿಡಲಿಲ್ಲ. ಮೂರೇ ಮಾತು, ಬಾಯಿಯವರೆಗೂ ಬಂದಿದ್ದವು. ಆದರೆ ಸಾಹುಕಾರರ ಮುಖ ನೋಡಿದೆ. ಪೂಜೆಗೆ ಕೂಡಿಸಿದ ದಿನ ಯಾರನ್ನೂ ಕೇಳದೆ ಗಾಡಿ ಕೆಲಸ ಮಾಡಿದ್ದಕ್ಕೆ ಉಸ್ತಾದರು ಹೊರಗೆ ಹಾಕಿದರೆ ಅನ್ನಿಸಿತು. ಹೆಂಡತಿ ಬಸುರಿ ಇದ್ದಳು ಅಂತ ನೆಪ ಹೇಳಬಹುದು, ಆದರೆ ಆ ಗಳಿಗೆಯಲ್ಲಿ ಅವಳ ನೆನಪು ಬಂದಿರಲಿಲ್ಲ. ಜಾಣ ಅನ್ನಿಸಿಕೊಂಡಿದ್ದು ಹೋಗುತ್ತದಲ್ಲ ಅನ್ನುವುದೊಂದೇ.

"ಎಣ್ಣಿ ಸುರುವಿದ್ದು ಮಾವ" ಅಂದೆ.

ಸುಳ್ಳಲ್ಲ. ಡಬ್ಬಿ ಹಿಡಿದ ಕೈ ಅವರದ್ದೇ. ಮಾವ ನನ್ನ ಕಡೆ ತಿರುಗಿದರು. ನಾನು ಕಾರಿನ ಚಕ್ರ ನೋಡುತ್ತಿದ್ದೆ. ಅವರು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ಕಾದೆ.

"ಹೌದ್ರಿ. ನನ್ನ ಕೈಲೇ ಸುರುವಿದ್ದು" ಅಂದರು ಮಾವ.

ಸಾಹುಕಾರರು ಕಾರಿನ ಕೀಲಿ ಇಸಿದುಕೊಂಡರು. ನಾಳೆಯಿಂದ ಮನೆ ಕಡೆ ಬರಬೇಡ ಅಂದರು. ಬೈಯಲಿಲ್ಲ, ಕೂಗಲಿಲ್ಲ. ಬೈದಿದ್ದರೆ ಎರಡು ದಿನದಲ್ಲಿ ಸಿಟ್ಟು ಇಳಿಯುತ್ತದೆ ಅಂದುಕೊಳ್ಳಬಹುದಿತ್ತು.

ಅವತ್ತು ಸಂಜೆ ಬನ್ನಿ. ನಮ್ಮ ಕಡೆಯವರಿಗೆ ಗೊತ್ತಿದೆ, ಬನ್ನಿ ಗಿಡದ ಎಲೆ ತಂದು ಎಲ್ಲರೂ ಎಲ್ಲರಿಗೂ ಕೊಡುತ್ತಾರೆ. ಚಿಕ್ಕವರು ದೊಡ್ಡವರ ಕಾಲಿಗೆ ಬೀಳುತ್ತಾರೆ. ವರ್ಷವೆಲ್ಲ ಮಾತು ಬಿಟ್ಟವರೂ ಅವತ್ತು ಎಲೆ ಕೊಟ್ಟು ಮಾತಾಡುತ್ತಾರೆ. ನಾನು ಮಾವನ ಮನೆಗೆ ಹೋಗಿ ಕಾಲಿಗೆ ಬೀಳಬೇಕಾದವನು. ಹೋಗಲಿಲ್ಲ. ಮೈಯಲ್ಲಿ ಹುಷಾರಿಲ್ಲ ಅಂತ ಹೇಳಿ ಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಹೊರಗೆ ಅವರ ಧ್ವನಿ ಕೇಳಿಸಿತು. ಹಿರಿಯರು, ಅವರಾಗಿಯೇ ಹುಡುಕಿಕೊಂಡು ಬಂದಿದ್ದರು. ಏಳದೆ ಉಪಾಯವಿರಲಿಲ್ಲ.

"ಬನ್ನಿ ತಗೊ ಅಳಿಯಾ. ಬಂಗಾರದಂಗ ಇರೂಣು."

ನಾನು ಎಲೆ ತೆಗೆದುಕೊಂಡು ಕಾಲು ಮುಟ್ಟಿದೆ. ಅವರ ಅಂಗಾಲಿನ ಪಕ್ಕ ಇನ್ನೂ ಗ್ರೀಸು ಇತ್ತು. ಬಗ್ಗಿದವನು ಏಳುವಷ್ಟರಲ್ಲಿ ಹೇಳಿಬಿಡಬೇಕು ಅಂದುಕೊಂಡೆ. ಎದ್ದೆ, ಹೇಳಲಿಲ್ಲ. ಅವರು ನನ್ನ ಹೆಂಡತಿಗೆ ಎಲೆ ಕೊಟ್ಟು, ಮಗು ಆರಾಮಾಗಿ ಬರಲಿ ಅಂತ ಹರಸಿ ಹೋದರು. ಎಷ್ಟು ಒಳ್ಳೆಯವರು ನೋಡಿ ಅಂತ ಅವಳು ಅಂದಳು. ನಾನು ಮತ್ತೆ ಗೋಡೆ ಕಡೆ ತಿರುಗಿದೆ.

ಮರುದಿನ ಬೆಳಿಗ್ಗೆ ಉಸ್ತಾದರು ನನ್ನ ಕೈಗೆ ಪಾನಾ ಕೊಟ್ಟು ಕಾರಿನ ಕೆಳಗೆ ಮಲಗು ಅಂದರು. ಕೆಳಗಿನ ನಟ್ಟು ಬಿಚ್ಚಿದೆ. ಮೊದಲು ಕರಿ ರಾಡಿ ಬಂತು, ಗಸಿಯ ಹಾಗೆ ದಪ್ಪ, ಆಮೇಲೆ ಬಂದದ್ದೂ ಹೊಸ ಎಣ್ಣೆಯ ಹಾಗಿರಲಿಲ್ಲ, ಕಪ್ಪೇ. ಹಳೆಯದು ಎಷ್ಟು ಉಳಿದಿತ್ತು ಅಂತ ಹೇಳಲು ಯಾರೂ ಬೇಕಾಗಿರಲಿಲ್ಲ. ಉಸ್ತಾದರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದರು. ಮೂಲೆಯಲ್ಲಿ ಪೆಪ್ಪರ್‌ಮೆಂಟ್ ಭರಣಿ ಎಣ್ಣೆ ಮೆತ್ತಿಕೊಂಡು ಹಾಗೇ ಬಿದ್ದಿತ್ತು, ಅವರು ಅದನ್ನು ನಿನ್ನೆಯೇ ನೋಡಿದ್ದರು. ನಾನು ಕಾರಿನ ಕೆಳಗಿನಿಂದಲೇ ಎಲ್ಲ ಹೇಳಿದೆ. ಮುಖ ಕಾಣಿಸದಿದ್ದರೆ ಮಾತು ಬರುತ್ತದೆ.

"ನನಗ್ಯಾಕ ಹೇಳ್ತಿ? ನನಗ ಗೊತ್ತೈತಿ" ಅಂದರು ಉಸ್ತಾದರು. "ಗೊತ್ತಿಲ್ಲದವ್ರಿಗೆ ಹೋಗಿ ಹೇಳು."

ಅವರೇ ಯಾಕೆ ಹೇಳಲಿಲ್ಲ ಅಂತ ಆಗ ನನಗೆ ಸಿಟ್ಟು ಬಂದಿತ್ತು. ನಾನು ಹೇಳಲಿ ಅಂತ ಬಿಟ್ಟಿದ್ದರೋ, ಗ್ಯಾರೇಜಿನ ಹೆಸರು ಕೆಡುತ್ತದೆ ಅಂತ ಸುಮ್ಮನಿದ್ದರೋ, ಕೊನೆವರೆಗೂ ಕೇಳಲಿಲ್ಲ.

ನಾಳೆ ಹೋಗುತ್ತೇನೆ ಅಂತ ಎಂಟು ದಿನ ತಳ್ಳಿದೆ. ಒಂದು ದಿನ ಸಾಹುಕಾರರು ಊರಲ್ಲಿಲ್ಲ ಅಂದುಕೊಂಡೆ, ಇದ್ದರು. ಒಂದು ದಿನ ಅವರ ಮನೆಯ ತಿರುವಿನವರೆಗೆ ಹೋಗಿ ಬೀಡಿ ತೆಗೆದುಕೊಂಡು ವಾಪಸು ಬಂದೆ. ನಾನು ಬೀಡಿ ಸೇದುವವನೇ ಅಲ್ಲ, ಅದನ್ನು ಉಸ್ತಾದರಿಗೆ ಕೊಟ್ಟೆ. ಶಾಲೆಗೂ ಹೋಗಲಿಲ್ಲ. ಮೇಷ್ಟ್ರ ಪಂಪನ್ನು ಅವರ ಬಾಗಿಲಲ್ಲಿಟ್ಟು ಬಂದುಬಿಟ್ಟೆ. ವಾಷರನ್ನು ಸರಿಯಾಗಿ ತಿರುವಿ ಹಾಕಿರಲಿಲ್ಲ ಅಂತ ಅರ್ಧ ದಾರಿಗೆ ಬಂದ ಮೇಲೆ ನೆನಪಾಯಿತು.

ಒಂಬತ್ತನೇ ದಿನ ಸಾಹುಕಾರರ ಮನೆ ಕಟ್ಟೆಯ ಮುಂದೆ ನಿಂತೆ. ಅವರು ಶೇಂಗಾ ಕಾಯಿ ಸುಲಿದು ನೋಡುತ್ತಾ ಕೂತಿದ್ದರು. ನಾನು ಹೇಳಿ ಮುಗಿಸುವವರೆಗೂ ಸುಲಿಯುತ್ತಲೇ ಇದ್ದರು. ಆಮೇಲೆ ತಲೆ ಎತ್ತಿದರು.

"ಅವತ್ತ ಎಲ್ಲಿಟ್ಟಿದ್ದಿ ಈ ಬಾಯಿ?" ಅಂದರು.

ಉತ್ತರಕ್ಕೆ ಕಾಯಲೂ ಇಲ್ಲ. ಒಳಗಿನಿಂದ ಅವರ ಮಗಳು ಬಾಗಿಲಿಗೆ ಬಂದು ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿರಬೇಕು. ಸಾಹುಕಾರರು ಕೈ ಝಾಡಿಸಿ, ಹೊಸ ಡ್ರೈವರನ್ನು ಇನ್ನೂ ಇಟ್ಟುಕೊಂಡಿಲ್ಲ, ಹೋಗಿ ಅವನನ್ನು ಬರಹೇಳು ಅಂದರು. ನನಗೆ ಹಾರಿಹೋಗುವಷ್ಟು ಹಗುರವಾಯಿತು. ಹೇಳಿದೆನಲ್ಲ, ಸರಿಹೋಯಿತಲ್ಲ ಅಂತ ಓಡುತ್ತಲೇ ಮಾವನ ಮನೆಗೆ ಹೋದೆ.

ಮಾವ ಬಾಗಿಲಲ್ಲಿ ಕೂತು ಒಂದು ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದರು. ಹಡಗಲಿಯಲ್ಲಿ ಯಾರದ್ದೋ ಲಾರಿ ಓಡಿಸಲು ಒಪ್ಪಿಕೊಂಡಿದ್ದರು, ಅವತ್ತು ಮಧ್ಯಾಹ್ನದ ಬಸ್ಸಿಗೆ ಹೊರಡುವವರು. ಅವರ ಹೆಂಡತಿ, ನಾನು ಅತ್ತೆ ಅನ್ನುತ್ತಿದ್ದವರು, ನನ್ನನ್ನು ನೋಡಿ ಬಾರಪ್ಪಾ ಅಂತ ಚಾಪೆ ಹಾಸಿದರು, ನೀರು ಕೊಟ್ಟರು. ಅವರಿಗೆ ಏನೂ ಗೊತ್ತಿರಲಿಲ್ಲ. ಮಾವ ಮನೆಯಲ್ಲೂ ಹೇಳಿರಲಿಲ್ಲ ಅಂತ ಆಗ ತಿಳಿದು ನೀರಿನ ಲೋಟ ಕೆಳಗಿಟ್ಟೆ. ಸಾಹುಕಾರರ ಹತ್ತಿರ ಎಲ್ಲ ಹೇಳಿದ್ದೇನೆ, ನಿಮ್ಮನ್ನು ಕರೆಯುತ್ತಿದ್ದಾರೆ ಅಂದೆ. ಮಾವ ಹಗ್ಗಕ್ಕೆ ಗಂಟು ಹಾಕುವುದನ್ನು ನಿಲ್ಲಿಸಲಿಲ್ಲ.

"ಹದಿನೆಂಟು ವರ್ಷ ಆ ಮನಿ ಹೆಣ್ಮಕ್ಕಳನ್ನ ಕುಂದ್ರಿಸಿಕೊಂಡು ಓಡಿಸೀನಿ. ಏನಾತು ಅಂತ ನನ್ನ ಒಂದು ಮಾತು ಕೇಳಲಿಲ್ಲ ಅವರು. ಈಗ ನೀ ಹೇಳಿದಿ ಅಂತ ಕರೀತಾರ. ನಾಳಿ ಇನ್ನೊಬ್ಬ ಬಂದು ಇನ್ನೊಂದು ಹೇಳಿದ್ರ? ಹೋಗಂಗಿಲ್ಲ ಬಿಡು."

ಹಾಗಾದರೆ ಅವತ್ತು ಶೆಡ್ಡಿನಲ್ಲಿ ನೀವೇ ಯಾಕೆ ಹೇಳಲಿಲ್ಲ, ನಾನು ಹಾಕಿಸಿದ್ದು ಅಂತ ಅಂದರೆ ಮುಗಿಯುತ್ತಿತ್ತಲ್ಲ ಅಂತ ಕೇಳಿದೆ. ಕೇಳುವಾಗ ನನ್ನ ಧ್ವನಿಯಲ್ಲಿ ತಪ್ಪು ಅವರದ್ದೂ ಇದೆ ಅನ್ನುವ ಹಾಗಿತ್ತು. ನಾಚಿಕೆಯಾಗುತ್ತದೆ ಬರೆಯಲು. ಅತ್ತೆ ಒಳಗೆ ಹೋಗುವವರೆಗೆ ಮಾವ ಹಗ್ಗ ಬಿಗಿಯುತ್ತಲೇ ಇದ್ದರು.

"ಎಣ್ಣಿ ಕಡಿಮಿ ಬಂದೈತಿ ಅಂತ ನನಗ ಗೊತ್ತಿತ್ತು ಅಳಿಯಾ. ಬಕೀಟು ನೋಡಿದ್ರ ಯಾವ ಡ್ರೈವರಿಗಾದ್ರೂ ಗೊತ್ತಾಗ್ತೈತಿ. ನೀ ಪುಸ್ತಕ ತೋರಿಸಿ ಓದಾಕ ಬರ್ತತೇನು ಅಂದಿ. ನಾಲ್ಕು ಮಂದಿ ನಕ್ರು. ಗೊತ್ತಿದ್ದೂ ಸುರುವಿದೆ. ಸಾವ್ಕಾರ್ರ ಮುಂದ ಬಾಯಿ ತಗದ್ರ ನೀ ಅಲ್ಲೂ ಅದನ್ನ ಅಂದೀ ಅಂತ ಹೆದರಿದೆ. ಅವರಿಗೆ ಗೊತ್ತಿಲ್ಲ, ನನಗ ಓದಾಕ ಬರಲ್ಲ ಅಂತ. ಲೈಸೆನ್ಸು, ಬೋರ್ಡು, ಎಲ್ಲಾ ನೋಡಿ ನೋಡಿ ಗುರ್ತು ಹಿಡದು ಇಷ್ಟು ವರ್ಷ ತಳ್ಳೀನಿ."

ಇಷ್ಟು ಹೇಳಿ ಟ್ರಂಕು ಎತ್ತಿ ತೂಕ ನೋಡಿದರು. ನಾನು ಹೊತ್ತುಕೊಳ್ಳುತ್ತೇನೆ ಅಂದೆ, ಬೇಡ ಅನ್ನಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ನಡೆದೆವು. ಅಲ್ಲಿ ಮೂರು ಬಸ್ಸು ನಿಂತಿದ್ದವು. ನಾನು ಬೋರ್ಡು ಓದಿದೆ, ಮನಸ್ಸಿನಲ್ಲೇ. ಮಾವ ಬಸ್ಸಿನ ಮುಂದಿನ ಬಣ್ಣ ನೋಡಿ, ಕಂಡಕ್ಟರ್ ಮುಖ ನೋಡಿ, ಸರಿಯಾದ ಬಸ್ಸನ್ನೇ ಹತ್ತಿದರು. ಟ್ರಂಕನ್ನು ಕಿಟಕಿಯಿಂದ ಒಳಗೆ ಕೊಟ್ಟೆ. ಶಾಲೆ ಬಿಡಬೇಡ ಅಂದರು, ಅಷ್ಟೇ.

ಶಾಲೆ ಬಿಡಲಿಲ್ಲ. ಕೆಲವು ವರ್ಷದ ಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿ ಏಳನೇ ತರಗತಿ ಪಾಸು ಮಾಡಿದೆ. ಮಾವ ಮತ್ತೆ ಕೂಡ್ಲಿಗಿಗೆ ಬಂದು ನೆಲೆಸಲಿಲ್ಲ, ಅತ್ತೆಯನ್ನೂ ಹಡಗಲಿಗೇ ಕರೆಸಿಕೊಂಡರು. ಸಾಹುಕಾರರ ಮಗಳ ಮದುವೆಗೆ ಬೇರೆ ಯಾರೋ ಕಾರು ಓಡಿಸಿದರು. ಎರಡು ಸಲ ಹಡಗಲಿಗೆ ಹೋಗಿ ಮಾವನನ್ನು ನೋಡಿ ಬಂದೆ. ಎರಡು ಸಲವೂ ಚೆನ್ನಾಗಿಯೇ ಮಾತಾಡಿದರು, ಊಟ ಹಾಕಿಸಿದರು. ಅಳಿಯಾ ಅಂತ ಮಾತ್ರ ಕರೆಯಲಿಲ್ಲ, ಹೆಸರು ಹಿಡಿದು ಕರೆದರು.

ಇಲ್ಲಿಗೆ ನಿಲ್ಲಿಸುತ್ತೇನೆ, ಬೆರಳೂ ನೋಯುತ್ತಿದೆ. ಓದುವವರಲ್ಲಿ ಗ್ಯಾರೇಜಿನವರು, ಡ್ರೈವರುಗಳು, ತಡವಾಗಿ ಓದು ಕಲಿತವರು ಇರಬಹುದು. ಅರ್ಧ ನಿಜ ಹೇಳಿ ಇನ್ನೊಬ್ಬರ ಮೇಲೆ ತಪ್ಪು ಹಾಕಿದ್ದೋ, ಅಥವಾ ಮಾವನ ಹಾಗೆ ನಿಮ್ಮ ಮೇಲೆ ಬಿದ್ದದ್ದನ್ನು ನೀವೇ ಸುಮ್ಮನೆ ಹೊತ್ತುಕೊಂಡಿದ್ದೋ ನಿಮಗೆ ನೆನಪಿದ್ದರೆ ನನಗೂ ಬರೆದು ತಿಳಿಸಿ. ಅಕ್ಷರ ಹೇಗಿದ್ದರೂ ನಡೆಯುತ್ತದೆ. ಬರೆಯಲು ಬಾರದಿದ್ದರೆ ಯಾರ ಕೈಯಲ್ಲಾದರೂ ಹೇಳಿ ಬರೆಸಿ, ನಾನು ನಿಧಾನವಾಗಿಯಾದರೂ ಪೂರ್ತಿ ಓದುತ್ತೇನೆ.